ಚಾಕ್‌ಪೀಸಣ್ಣ ಎಣಿಸದೆ ಬಿಟ್ಟ ಹಲ್ಲು

ಗಣಿತದ ಟೀಚರ್ ಮೆಕ್ಯಾನಿಕ್ ಚಾಕ್‌ಪೀಸಣ್ಣನನ್ನು ಆತನ ಗ್ಯಾರೇಜಿನಲ್ಲಿ ಮೊದಲು ಕಂಡದ್ದು ಒಂದು ಸೋಮವಾರ, ಸಂಜೆ ನಾಲ್ಕೂ ಮುಕ್ಕಾಲಿಗೆ. ಕಂಡದ್ದೆಂದರೆ ಎರಡು ಕಾಲು ಮಾತ್ರ. ಒಂದರಲ್ಲಿ ಚಪ್ಪಲಿಯಿತ್ತು, ಇನ್ನೊಂದು ಬರಿಗಾಲು. ಉಳಿದ ಮನುಷ್ಯ ವ್ಯಾನಿನ ಕೆಳಗಿದ್ದ. ಅಲ್ಲಿಂದ ಎಣಿಕೆ ಕೇಳಿಸುತ್ತಿತ್ತು: “ಇಪ್ಪತ್ತೇಳು, ಇಪ್ಪತ್ತೆಂಟು...”

“ನಮಸ್ಕಾರ ಅಣ್ಣ,” ಎಂದರು ಟೀಚರ್.

ಎಣಿಕೆ ನಿಂತಿತು. ಒಂದು ನಿಟ್ಟುಸಿರು. “ಒಂದು, ಎರಡು...”

ಗೇರಿನ ಒಂದು ಹಲ್ಲಿಗೆ ಚಾಕ್‌ಪೀಸಿನ ಗುರುತು ಹಾಕಿ, ಅದು ಸುತ್ತಿ ಬರುವ ತನಕ ಗಟ್ಟಿಯಾಗಿ ಎಣಿಸುವುದು ಆತನ ಪದ್ಧತಿ. ಹೆಸರು ಅಂಟಿಕೊಂಡದ್ದೂ ಹಾಗೇ. ನಡುವೆ ಯಾರಾದರೂ ಬಾಯಿ ತೆರೆದರೆ ಮತ್ತೆ ಒಂದರಿಂದ. ಟೀಚರ್ ಇನ್ನೆರಡು ಸಲ ಬಾಯಿ ತೆರೆದರು. ಆತ ಹೊರಬಂದಾಗ ಐದೂವರೆ.

ಟೀಚರ ಸಂಕಟ ದೊಡ್ಡದು. ಶಾಲೆಯ ಏರಿನ ತಿರುವಿನಲ್ಲಿ ಅವರ ಹಳೇ ಕಾರು ಏದುಸಿರು ಬಿಟ್ಟು ಹಿಂದಕ್ಕೆ ಜಾರುತ್ತಿತ್ತು. ಮಕ್ಕಳೇ ತಳ್ಳಬೇಕು. ತಳ್ಳಿದ ಮಕ್ಕಳೂ ತಡ, ಟೀಚರೂ ತಡ. ಇನ್ನೊಂದು ಸಲ ತಡವಾದರೆ ಹತ್ತನೇ ತರಗತಿಯ ಗಣಿತವನ್ನು ಡ್ರಾಯಿಂಗ್ ಮೇಷ್ಟ್ರಿಗೆ ಕೊಡುವುದಾಗಿ ಹೆಡ್‌ಮಿಸ್ ಹೇಳಿಬಿಟ್ಟಿದ್ದರು. ಆ ತರಗತಿಯೆಂದರೆ ಟೀಚರಿಗೆ ಪ್ರಾಣ.

“ಹಿಂದಿನ ಆಕ್ಸಲ್ಲಲ್ಲಿ ದೊಡ್ಡ ಗೇರಿಗೆ ಮೂವತ್ತೊಂಬತ್ತು ಹಲ್ಲು, ಚಿಕ್ಕದಕ್ಕೆ ಹನ್ನೊಂದು,” ಎಂದ ಚಾಕ್‌ಪೀಸಣ್ಣ. “ಗೇರ್‌ಬಾಕ್ಸಿಂದ ಬರೋ ಶಾಫ್ಟು ಹೆಚ್ಚುಕಮ್ಮಿ ಮೂರೂವರೆ ಸುತ್ತು ಸುತ್ತಿದ್ರೆ ಚಕ್ರ ಒಂದು ಸುತ್ತು. ಒಂದನೇ ಗೇರಲ್ಲಿ ಗೇರ್‌ಬಾಕ್ಸೂ ಮೂರೂವರೆ ಪಟ್ಟು. ಚಕ್ರದ ಒಂದು ಸುತ್ತಿಗೆ ಎಂಜಿನ್ನು ಎಷ್ಟು ಸುತ್ತು? ಗುಣಿಸಿ.”

“ಹನ್ನೆರಡೂಕಾಲು!”

“ನಲವತ್ತೊಂದಕ್ಕೆ ಒಂಬತ್ತರ ಜೋಡಿ ಹಾಕಿದ್ರೆ ಹೆಚ್ಚುಕಮ್ಮಿ ಹದಿನಾರು. ಎಳೆಯೋ ಬಲ ಅಷ್ಟು ಜಾಸ್ತಿ. ನಿಂತಲ್ಲಿಂದ ಹಾರುತ್ತೆ ಟೀಚರಮ್ಮ!”

ಹಾರಿತು. ಗುರುವಾರ ಬೆಳಿಗ್ಗೆ ಮನೆಯ ಗೇಟಿನಿಂದ ಕಾರು ಜಿಗಿದ ರಭಸಕ್ಕೆ ಟೀಚರ ಕನ್ನಡಕ ಹಣೆಗೇರಿತು. ಆದರೆ ಸಮತಟ್ಟು ರಸ್ತೆಯಲ್ಲಿ ಎಂಜಿನ್ನು ಕಿರುಚತೊಡಗಿತು. ರಸ್ತೆಯ ಫಲಕದಲ್ಲಿ ಐವತ್ತು ಎಂದಿತ್ತು. ಟೀಚರ್ ಮೀಟರಿನ ಮುಳ್ಳನ್ನು ಐವತ್ತರಲ್ಲೇ ಹಿಡಿದರು. ಪಕ್ಕದಲ್ಲಿ ಹಾಲಿನವನ ಮೊಪೆಡ್ ಬಂತು.

“ಗಾಡಿ ಕೆಟ್ಟಿದ್ಯಾ ಟೀಚರ್?”

“ಐವತ್ತರಲ್ಲಿದೀನಪ್ಪ!”

“ಹಂಗಾದ್ರೆ ನನ್ನ ಡಬ್ಬಾ ಅರವತ್ತು ಹೋಗ್ತಿದೆ ಅನ್ನಿ!” ಎಂದು ನಗುತ್ತಾ ಮುಂದೆ ಹೋದ.

ಏರನ್ನು ಕಾರು ಮೇಕೆಯಂತೆ ಹತ್ತಿತು. ತಳ್ಳಲು ನಿಂತಿದ್ದ ಮಕ್ಕಳು ಪೆಚ್ಚಾದರು. ಆದರೂ ಗೇಟಿನಲ್ಲಿ ಹೆಡ್‌ಮಿಸ್ ಗಡಿಯಾರ ತೋರಿಸಿದರು: ನಾಲ್ಕು ನಿಮಿಷ ತಡ.

ಸ್ಟಾಫ್‌ರೂಮಿನಲ್ಲಿ ಲೆಕ್ಕ ಹಾಕಿ ನೋಡಿದ ಟೀಚರ್ ಸಂಜೆ ನೇರ ಗ್ಯಾರೇಜಿಗೆ ನಡೆದರು. “ಅಣ್ಣ, ಮೀಟರ್ ತಿರುಗಿಸೋ ಗೇರಿನ ಹಲ್ಲು ಎಣಿಸಿದ್ರಾ?”

ಚಾಕ್‌ಪೀಸಣ್ಣನ ಕೈಯಿಂದ ಸ್ಪ್ಯಾನರ್ ಬಿತ್ತು. ಮೀಟರು ವೇಗ ಅಳೆಯುವುದು ಶಾಫ್ಟಿನ ಸುತ್ತಿನಿಂದ. ಅಷ್ಟೇ ದೂರಕ್ಕೆ ಶಾಫ್ಟು ಈಗ ಹೆಚ್ಚು ಸುತ್ತುತ್ತಿತ್ತು. ಮುಳ್ಳು ಐವತ್ತು ತೋರಿಸಿದರೆ ನಿಜಕ್ಕೂ ಮೂವತ್ತೊಂಬತ್ತು!

“ಅಯ್ಯೋ ನನ್ನ ಕರ್ಮವೇ! ನಾಳೆ ನಾನೇ ಬಂದು ಹೆಡ್‌ಮಿಸ್‌ಗೆ ಹೇಳ್ತೀನಿ.”

ಮರುದಿನ ಆತ ಗೋಣಿಚೀಲದಿಂದ ಹಳೇ ಗೇರು ತೆಗೆದು ಹೆಡ್‌ಮಿಸ್ಸರ ಮೇಜಿನ ಮೇಲಿಟ್ಟು, ಅವರ ಚಾಕ್‌ಪೀಸಿನಿಂದಲೇ ಗುರುತು ಹಾಕಿದ.

“ಒಂದು, ಎರಡು... ಮೂವತ್ತೊಂದು...”

“ಬೇಗ ಹೇಳ್ರೀ.”

“ಒಂದು, ಎರಡು...”

“ಅಲ್ರೀ, ನನಗೆ ಕ್ಲಾಸಿದೆ!”

“ಒಂದು...”

ಕೊನೆಗೆ ಹೆಡ್‌ಮಿಸ್ ತುಟಿ ಬಿಗಿಹಿಡಿದು ಕೂತರು. ಮೂವತ್ತೊಂಬತ್ತು ಮುಗಿಯುವಷ್ಟರಲ್ಲಿ ಅವರ ಏಳನೇ ತರಗತಿ ಹನ್ನೊಂದು ನಿಮಿಷದಿಂದ ಕೂಗಾಡುತ್ತಿತ್ತು. ಟೀಚರ್ ಗೋಡೆಯ ಗಡಿಯಾರ ನೋಡಿದರಷ್ಟೆ.

“ಹತ್ತನೇ ಕ್ಲಾಸು ನೀವೇ ಇಟ್ಕೊಳ್ಳಿ,” ಎಂದರು ಹೆಡ್‌ಮಿಸ್. “ಇವರನ್ನ ಮೊದ್ಲು ಹೊರಗೆ ಕರ್ಕೊಂಡು ಹೋಗಿ. ಈಗ ಚಿಕ್ಕ ಗೇರನ್ನೂ ತೆಗೀತಿದ್ದಾರೆ!”

ಚಾಕ್‌ಪೀಸಣ್ಣ ಈಗಲೂ ಅದೇ ಗ್ಯಾರೇಜಿನಲ್ಲಿ ಆಕ್ಸಲ್ ಗೇರು ಬದಲಿಸುತ್ತಾನೆ. ಮೀಟರಿನ ಹಲ್ಲನ್ನು ಎಲ್ಲಕ್ಕಿಂತ ಮೊದಲು ಎಣಿಸುತ್ತಾನೆ.