ಭಾವನ ಕಿವಿ ಪರೀಕ್ಷೆಗೆ ಮೂಡಬಿದಿರೆಗೆ

ಐವತ್ತರ ದಶಕದ ಮಾತು. ಬೆಳ್ತಂಗಡಿಯಿಂದ ಬೆಳಗಿನ ಬಸ್ಸಿಗೆ ನಾನೂ ಅಕ್ಕನ ಗಂಡ ಭಾವನೂ ಹೊರಟೆವು. ಮೂಡಬಿದಿರೆಗೆ ಇಪ್ಪತ್ತು ಮೈಲಿಗೂ ಮಿಕ್ಕಿದ ದಾರಿ, ಟಿಕೇಟು ತಲಾ ಹದಿನಾಲ್ಕಾಣೆ. ಭಾವ ಬರ್ಮಾ ಯುದ್ಧದಲ್ಲಿ ಫಿರಂಗಿ ಪಡೆಯಲ್ಲಿದ್ದವರು. ಬೆನ್ನು ಜಖಂ, ಎಡಗಾಲಿನ ನರಕ್ಕೆ ಪೆಟ್ಟು, ಎಡಗಿವಿ ಮಂದ. ಪಿಂಚಣಿಯ ಅರ್ಜಿ ಎರಡು ಸಲ ತಿರಸ್ಕೃತವಾಗಿತ್ತು. ಇದೇ ಕೊನೆಯ ತಪಾಸಣೆಯೆಂದು ಕಾಗದ ಬಂದಿತ್ತು.

ವೇಣೂರಿನವರೆಗೂ ಗುಂಡಿಗಳೇ. ಕುಳಿತರೆ ಬೆನ್ನು ಹಿಡಿಯುತ್ತದೆಂದು ಭಾವ ನಿಂತೇ ಬಂದರು. ಒಳಗೆ ಸರಿಯಿರೆಂದು ಗದರಿದ ಕಂಡಕ್ಟರನ ಮೇಲೆ ನಾನು ಹರಿಹಾಯ್ದೆ. ಭಾವ ಇಬ್ಬರಿಗೂ ತಲೆಯಾಡಿಸಿ ನಕ್ಕರು.

ತಪಾಸಣೆ ನಡೆಯುತ್ತಿದ್ದ ಪ್ರವಾಸಿ ಬಂಗಲೆಯ ಜಗಲಿಯಲ್ಲಿ ಮಧ್ಯಾಹ್ನದವರೆಗೆ ಕಾದೆವು. ತಿನ್ನಲು ತಂದ ಗೋಳಿಬಜೆಯಲ್ಲಿ ನನ್ನ ಪಾಲನ್ನೂ ಭಾವನಿಗೇ ಕೊಟ್ಟೆ. ಒಳಗೆ ಡಾಕ್ಟರು ಬೆನ್ನು, ಕಾಲು ಒತ್ತಿ ನೋಡಿ, ಇವಕ್ಕೆ ಪಡೆಯ ದಾಖಲೆ ಇಲ್ಲವೆಂದು ಗೀಟು ಹಾಕಿದರು. ಉಳಿದದ್ದು ಕಿವಿ ಮಾತ್ರ.

ಕನ್ನಡದಲ್ಲಿ ಕೇಳಿದ್ದಕ್ಕೆ ಭಾವ ತಡವರಿಸಿದರು. ಡಾಕ್ಟರು ಬಂಟ್ವಾಳದ ಕಡೆಯವರು. ಕನಿಕರಪಟ್ಟು ತುಳುವಿಗೆ ತಿರುಗಿದರು. ಭಾವ ಪಟಪಟನೆ ಉತ್ತರಿಸತೊಡಗಿದರು. ಡಾಕ್ಟರ ಮುಖ ಗಂಟಾಯಿತು.

"ತುಳು ಕೇಳ್ತದೆ, ಕನ್ನಡ ಕೇಳುವುದಿಲ್ವಾ?" ಎಂದು ನನ್ನನ್ನು ಕೇಳಿದರು.

ನಾನು ಭಾವನ ಕಡೆ ತಿರುಗಿದೆ. ಆಗಲೇ ಕಂಡದ್ದು: ಭಾವನ ಕಣ್ಣು ಡಾಕ್ಟರ ತುಟಿ ಬಿಟ್ಟು ಕದಲುತ್ತಿರಲಿಲ್ಲ. ತುಳು ಮನೆಮಾತು, ಅದನ್ನಾಡುವ ತುಟಿ ಭಾವನಿಗೆ ಓದಲು ಬರುತ್ತಿತ್ತು. ಬಾಯಿಗೆ ಫೈಲು ಅಡ್ಡ ಹಿಡಿದು ತುಳುವಿನಲ್ಲೇ ಕೇಳಿ ಎಂದು ಡಾಕ್ಟರನ್ನು ಬೇಡಿಕೊಂಡೆ. ಅವರು ದುರುಗುಟ್ಟಿದರು, ಆದರೂ ಹಿಡಿದರು.

"ನಿಮ್ಮ ಅರ್ಜಿ ಸುಳ್ಳು ಅಂತ ಬರೆಯುವುದಾ?"

ಭಾವ ನಕ್ಕು ತಲೆಯಾಡಿಸಿದರು. "ಹಾಗೇ ಆಗಲಿ ಸಾರ್."

ಡಾಕ್ಟರು ಮತ್ತೊಮ್ಮೆ ಕೇಳಿದರು, ಜೋರಾಗಿ. ಅದೇ ನಗು. ಡಾಕ್ಟರು ಫೈಲು ಇಳಿಸಿ, ಎರಡೂ ಕಿವಿ ಹೋಗಿದೆಯೆಂದು ಬರೆದು, ಪಿಂಚಣಿಗೆ ಶಿಫಾರಸು ಮಾಡಿದರು. ಗೆದ್ದೆವೆಂದು ಹಿಗ್ಗಿದೆ, ಮರುಗಳಿಗೆ ಅವರು ಬರೆದದ್ದನ್ನು ಇನ್ನೊಮ್ಮೆ ಓದಿದೆ. ಬಲಗಿವಿಯೂ ಹೋಗಿದೆಯೆಂದು ಮನೆಯಲ್ಲಿ ನಮಗ್ಯಾರಿಗೂ ಗೊತ್ತಿರಲಿಲ್ಲ.

ಹಿಂದಿರುಗುವ ಬಸ್ಸಿನಲ್ಲಿ ಭಾವ, ತಾನು ಯಾವುದಕ್ಕೆ ಒಪ್ಪಿದೆನೆಂದು ವಿಚಾರಿಸಿದರು. ಮುಖ ಎದುರಿಟ್ಟು ಹೇಳಿದೆ. ಅವರು ಟಿಕೇಟನ್ನು ಮಡಚಿ ಜೇಬಿಗಿಟ್ಟರು.

"ನಿನ್ನ ಅಕ್ಕನಿಗೆ ಹೇಳಬೇಡ. ದೀಪ ಆರಿಸಿದ ಮೇಲೂ ಅವಳು ಮಾತಾಡ್ತಾಳೆ. ನಾನು ಹೂಂ ಅಂತೇನೆ."

ಅಂಗಳದಲ್ಲೇ ಅಕ್ಕ ಎದುರಾದಳು, ಏನಾಯಿತೆಂದು ಕೇಳಿದಳು. ಭಾವ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಎಡಗಿವಿ ಹೋಗಿದೆಯೆಂದು ಡಾಕ್ಟರು ಒಪ್ಪಿದರು, ಪಿಂಚಣಿ ಬರುತ್ತದೆ ಎಂದೆ.

"ಬಲದ್ದು ಉಂಟಲ್ಲ, ಸಾಕು," ಎಂದಳು ಅಕ್ಕ. "ನನ್ನ ಒಂದು ಮಾತನ್ನೂ ಅವರು ಬಿಟ್ಟದ್ದಿಲ್ಲ."