ಕಿತ್ತಳೆ ಜಾಕೆಟ್ಟಿನವರನ್ನು ಕಂಡಿರಾ?

"ಮಿಸ್, ಇವತ್ತು ನೀವು ಕೊನೇಲಿ ಬನ್ನಿ."

ಇಪ್ಪತ್ತೇಳು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವಳು ನಾನು. ಈ ಮಾತನ್ನು ಎಷ್ಟು ಮಕ್ಕಳಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ನನಗೇ ಒಬ್ಬರು ಹೇಳಿದ್ದು ಇದೇ ಮೊದಲು. ಅದೂ ಹೋದ ಭಾನುವಾರ ಬೆಳಗಿನ ಐದು ಗಂಟೆಗೆ, ವಿಜಯನಗರದ ಮೆಟ್ರೋ ಸ್ಟೇಷನ್ ಕೆಳಗೆ, ಇಡೀ ಬೈಕ್ ಕ್ಲಬ್ಬಿನ ಎದುರು. ಹೇಳಿದವನು ಯಾರು? ನವೀನ. ಒಂಬತ್ತನೇ ಕ್ಲಾಸಿನಲ್ಲಿ ಬೀಜಗಣಿತದ ಹೋಂವರ್ಕ್ ತರದೆ ವರ್ಷವಿಡೀ ನನ್ನ ಹತ್ತಿರ ಬೈಸಿಕೊಂಡ ಅದೇ ನವೀನ.

ಈಗ ಅವನಿಗೆ ಮೂವತ್ತನಾಲ್ಕು. ಬಸವೇಶ್ವರನಗರದಲ್ಲಿ ಮೆಡಿಕಲ್ ಶಾಪ್ ಇಟ್ಟಿದ್ದಾನೆ. ನಮ್ಮ ಕ್ಲಬ್ಬಿಗೆ ಅವನೇ ಕ್ಯಾಪ್ಟನ್. (ಐವತ್ತೆರಡನೇ ವಯಸ್ಸಿಗೆ ಬುಲೆಟ್ಟಿನಂಥ ಭಾರದ ಬೈಕು ಕೊಂಡು ನಾನು ಈ ಕ್ಲಬ್ ಸೇರಿದ ಕಥೆ ಹಳೆಯ ಓದುಗರಿಗೆ ಬಾಯಿಪಾಠ ಆಗಿರಬೇಕು. ಹೊಸಬರು ಇಷ್ಟು ತಿಳಿದರೆ ಸಾಕು: ನನ್ನ ಗಂಡ ಇನ್ನೂ ಹಿಂದಿನ ಸೀಟಿನಲ್ಲಿ ಕೂರಲು ಒಪ್ಪಿಲ್ಲ.)

ಹದಿನಾಲ್ಕು ಬೈಕು. ಹೊರಟಿದ್ದು ಕೆಮ್ಮಣ್ಣುಗುಂಡಿಗೆ.

ಗುಂಪಿನಲ್ಲಿ ಕೊನೆಯ ಬೈಕಿನವರಿಗೆ ನಮ್ಮ ಕ್ಲಬ್ಬಿನಲ್ಲಿ ‘ಸ್ವೀಪ್’ ಅನ್ನುತ್ತಾರೆ. ಪದ್ಧತಿ ಸರಳ. ಎಲ್ಲರಿಗಿಂತ ಮುಂದೆ ಕ್ಯಾಪ್ಟನ್. ರಸ್ತೆ ಎರಡಾದ ಕಡೆ, ಕ್ಯಾಪ್ಟನ್ ಹಿಂದಿನ ಬೈಕಿನವರು ಬದಿಗೆ ನಿಲ್ಲಬೇಕು. ಹಿಂದೆ ಬರುವ ಒಬ್ಬೊಬ್ಬರಿಗೂ ಕೈ ಚಾಚಿ ದಾರಿ ತೋರಿಸಬೇಕು. ಎಲ್ಲರೂ ದಾಟಿದ ಮೇಲೆ ಕಿತ್ತಳೆ ಬಣ್ಣದ ಜಾಕೆಟ್ ತೊಟ್ಟ ಸ್ವೀಪ್ ಬರುತ್ತಾರೆ. ಅವರು ನಿಧಾನ ಮಾಡಿ, ಎರಡು ಸಲ ಹಾರ್ನ್ ಹೊಡೆದು, ನಿಂತವರನ್ನು ಮುಂದೆ ಕಳಿಸಿ, ಆಮೇಲೆ ತಾವು ಹೊರಡಬೇಕು. ಕಿತ್ತಳೆ ಬಣ್ಣ ಕಾಣುವ ತನಕ ನಿಂತವರು ಜಾಗ ಬಿಡುವ ಹಾಗಿಲ್ಲ. ಮ್ಯಾಪ್ ಬೇಡ, ನೆಟ್‌ವರ್ಕ್ ಬೇಡ, ಯಾರೂ ತಪ್ಪಿಸಿಕೊಳ್ಳುವುದಿಲ್ಲ.

"ಸ್ವೀಪ್ ಕೆಲ್ಸ ಎಲ್ಲಾರ್ಗೂ ಕೊಡಲ್ಲ ಮಿಸ್. ಚೆನ್ನಾಗಿ ಓಡ್ಸೋರಿಗೇ ಕೊಡೋದು" ಅಂದ ನವೀನ. ನಾನು ನಂಬಲಿಲ್ಲ. ಹಿಂದಿನ ಬೆಂಚಿಗೆ ಕಳಿಸುವಾಗ "ನೀನು ಎತ್ತರ ಇದೀಯ ಕಣೋ, ಅದಕ್ಕೆ" ಅಂತ ನಾನೂ ಎಷ್ಟೋ ಮಕ್ಕಳನ್ನು ಸಮಾಧಾನ ಮಾಡಿದ್ದೇನೆ. ಇವನೂ ಅವರಲ್ಲೊಬ್ಬ.

ಜಾಕೆಟ್ಟು ತಂದುಕೊಟ್ಟವರು ಸಂಪಂಗಿಯಣ್ಣ. ರಾಜಾಜಿನಗರದಲ್ಲಿ ಅವರದು ಟೈಲರ್ ಅಂಗಡಿ. ಅರವತ್ತೆರಡು ವಯಸ್ಸು, ಇಪ್ಪತ್ತು ವರ್ಷದ ಶುಗರ್, ಮೂವತ್ತು ವರ್ಷದ ಹಳೇ ಬೈಕು. ಆ ಬೈಕಿಗೆ ಸಾಮಾನು ಇಡುವ ಬಾಕ್ಸ್ ಇಲ್ಲ. ಹಾಗಾಗಿ ಅವರ ಊಟದ ಡಬ್ಬಿ ಯಾವಾಗಲೂ ನವೀನನ ಬೈಕಿನ ಬಾಕ್ಸಿನಲ್ಲಿ. ಒಂದು ಗಂಟೆಗೆ ಸರಿಯಾಗಿ ಊಟ ಮಾಡಿಸಪ್ಪ ಅಂತ ಅವರ ಹೆಂಡತಿ ಪ್ರತಿ ರೈಡಿಗೂ ನವೀನನಿಗೆ ಫೋನ್ ಮಾಡಿ ಹೇಳುತ್ತಾರೆ.

"ನಾನೇ ಹೊಲ್ದಿದ್ದು ಮೇಡಂ. ಸೈಡಲ್ಲಿ ಸಡಿಲ ಮಾಡ್ಕೊಳ್ಳೋ ಪಟ್ಟಿ ಇಟ್ಟಿದೀನಿ. ಮಳೆ ಬಂದ್ರೆ ರೇನ್‌ಕೋಟ್ ಮೇಲೂ ಹಾಕ್ಕೋಬೋದು" ಅಂದರು.

ಹಾಕಿಕೊಂಡು ಬೈಕಿನ ಕನ್ನಡಿಯಲ್ಲಿ ನೋಡಿಕೊಂಡೆ. ರಸ್ತೆ ಅಗೆಯುವ ಕಡೆ ಕೆಂಪು ಬಾವುಟ ಹಿಡಿದು ನಿಲ್ಲುತ್ತಾರಲ್ಲ, ಥೇಟ್ ಅವರ ಹಾಗೆ ಕಾಣುತ್ತಿದ್ದೆ. ಥ್ಯಾಂಕ್ಸ್ ಅಂದೆ. ಮನಸ್ಸಿನಲ್ಲಿ ಬೇರೆಯದೇ ಅಂದುಕೊಂಡೆ.

ಕೊನೆಯಲ್ಲಿ ಹೋಗುವುದು ಎಷ್ಟು ಹಿಂಸೆ ಅಂತ ಬೆಂಗಳೂರಿನವರಿಗೆ ಬಿಡಿಸಿ ಹೇಳಬೇಕೇ? ನಾವು ಸಿಗ್ನಲ್ಲಿನಲ್ಲಿ ಜೀಬ್ರಾ ಪಟ್ಟಿ ದಾಟಿ ನಿಲ್ಲುವ ಜನ. ಲಿಫ್ಟಿನ ಬಾಗಿಲು ತೆರೆಯುವ ಮೊದಲೇ ಒಳಗೆ ಕಾಲಿಡುವ ಜನ. ನಾನಂತೂ ಮದುವೆ ಮನೆಯಲ್ಲಿ ಎರಡನೇ ಪಂಕ್ತಿಗೆ ಕೂತವಳೇ ಅಲ್ಲ. ಅಂಥವಳು ತುಮಕೂರು ರಸ್ತೆಯಲ್ಲಿ ಹದಿಮೂರು ಬೈಕುಗಳ ಹೊಗೆ ಕುಡಿಯುತ್ತ ಹೋಗಬೇಕು. ಒಬ್ಬರು ಗ್ಲೌಸ್ ಸರಿಮಾಡಿಕೊಳ್ಳಲು ನಿಂತರೆ ನಾನೂ ನಿಲ್ಲಬೇಕು. ಇನ್ನೊಬ್ಬರಿಗೆ ಮನೆಯಿಂದ ಫೋನ್ ಬಂದರೆ ಅವರ ಮಾತು ಮುಗಿಯುವ ತನಕ ಹೊಂಗೆ ಮರದ ಕೆಳಗೆ ಕಾಯಬೇಕು. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿಗೆ ನಿಂತಾಗ ಕೊನೆಗೆ ತಲುಪಿದ ನನಗೆ ಚಟ್ನಿಯೂ ಖಾಲಿ. (ಅಡುಗೆಯವರು ಪಾಪ, ಹೊಸದಾಗಿ ರುಬ್ಬಿಸಿ ಕೊಟ್ಟರು. ಆದರೂ ಅವಮಾನ ಅವಮಾನವೇ.)

ಒಂದು ಮಾತು ಮಾತ್ರ ಹೇಳಬೇಕು. ಬೀರೂರಿನ ತನಕ ನಾನು ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿದೆ. ಪ್ರತಿ ತಿರುವಿನಲ್ಲೂ ಎರಡು ಹಾರ್ನ್, ನಿಂತವರು ಮುಂದೆ, ನಾನು ಹಿಂದೆ. ಪದ್ಧತಿ ಗಡಿಯಾರದ ಹಾಗೆ ನಡೆಯಿತು.

ಲಿಂಗದಹಳ್ಳಿ ಹತ್ತಿರ ಮಳೆ ಶುರುವಾಯಿತು. ಎಲ್ಲರೂ ಬಸ್ ಶೆಲ್ಟರಿನಲ್ಲಿ ನಿಂತು ರೇನ್‌ಕೋಟ್ ಹಾಕಿಕೊಂಡರು. ಅವರೆಲ್ಲ ಮುಂದೆ ಹೊರಟ ಮೇಲೆ ನಾನೂ ಹಾಕಿಕೊಂಡೆ. ಹೊಚ್ಚಹೊಸ ನೀಲಿ ಕೋಟು. ಜಾಕೆಟ್ಟನ್ನು ಬಿಚ್ಚಿ ಕೋಟಿನ ಮೇಲೆ ತೊಡಬೇಕಿತ್ತು. ತೊಡಲಿಲ್ಲ. ಜಾಕೆಟ್ಟಿನ ಮೇಲೆಯೇ ಕೋಟು ಏರಿಸಿ, ಕತ್ತಿನ ತನಕ ಜಿಪ್ ಎಳೆದೆ.

ಯಾಕೆ? ಮರೆತಿದ್ದೆ ಅಂತ ಬರೆಯಬಹುದು, ನೀವೂ ನಂಬುತ್ತೀರಿ. ಆದರೆ ಮರೆತಿರಲಿಲ್ಲ. ಮೇಲೆ ಹೋದ ಕೂಡಲೇ ಗ್ರೂಪ್ ಫೋಟೋ ಇರುತ್ತದೆ. ನೀಲಿ ಕೋಟಿನಲ್ಲಿ ನಾನು ಚೆನ್ನಾಗಿ ಕಾಣುತ್ತೇನೆ.

ಘಾಟಿ ಹತ್ತಿದ ಹಾಗೆ ಮಂಜು ದಟ್ಟವಾಯಿತು. ಹತ್ತು ಮಾರು ಆಚೆ ಏನೂ ಕಾಣದು. ಒಂದು ಕಡೆ ರಸ್ತೆ ಕವಲಾಯಿತು. ಅಲ್ಲಿ ದಾರಿ ತೋರಿಸುವ ಸರದಿ ಸಂಪಂಗಿಯಣ್ಣನದು. ಬೈಕು ಬದಿಗೆ ಹಾಕಿ, ಎಡಗೈ ಚಾಚಿ ನಿಂತಿದ್ದರು. ನನಗೆ ಹಸಿವು, ಚಳಿ, ಮೇಲೆ ಬೇಗ ತಲುಪುವ ಆಸೆ. ನಿಲ್ಲಿಸಲಿಲ್ಲ. ಒಂದೇ ಒಂದು ಹಾರ್ನ್ ಹೊಡೆದು, ಕೈ ಬೀಸಿ, ದಾಟಿಕೊಂಡು ಹೋದೆ. ಅವರೂ ಕೈ ಬೀಸಿದರು. ಹಿಂದೆಯೇ ಬರುತ್ತಾರೆ ಅಂದುಕೊಂಡೆ.

ಮೇಲೆ ತಲುಪಿದೆ. ಅರ್ಧ ಬೈಕುಗಳು ಗೇಟಿನ ಹತ್ತಿರ, ಇನ್ನರ್ಧ ಹೋಟೆಲಿನ ಹಿಂದೆ. ನವೀನ ಕೇಳಿದ, "ಮಿಸ್, ಎಲ್ಲಾರೂ ಬಂದ್ರಾ?"

"ನಾನು ಬಂದೆ ಅಂದ್ರೆ ಎಲ್ಲಾರೂ ಬಂದ ಹಾಗೆ ತಾನೇ?" ಅಂದೆ.

ಎಷ್ಟು ಖಡಕ್ಕಾದ ಉತ್ತರ ನೋಡಿ. ತರ್ಕದಲ್ಲಿ ಒಂದು ಕೂದಲೆಳೆಯಷ್ಟೂ ತಪ್ಪಿಲ್ಲ. ಕೊನೆಯವರು ಬಂದರೆ ಎಲ್ಲರೂ ಬಂದಂತೆ. ಯಾರೂ ತಲೆ ಎಣಿಸಲಿಲ್ಲ. ಫೋಟೋ ಆಯಿತು. ಕಾಫಿ ಆಯಿತು. ಮಂಜಿನಲ್ಲಿ ಇನ್ನೊಂದಿಷ್ಟು ಫೋಟೋ ಆಯಿತು. ನೀಲಿ ಕೋಟು ಚೆನ್ನಾಗಿಯೇ ಬಂದಿದೆ.

ಒಂದೂಕಾಲಿಗೆ ನವೀನ ತನ್ನ ಬೈಕಿನ ಬಾಕ್ಸ್ ತೆಗೆದ. ಸ್ಟೀಲ್ ಡಬ್ಬಿ ಎತ್ತಿ ಹಿಡಿದು, "ಸಂಪಂಗಿಯಣ್ಣ, ಊಟ" ಅಂತ ಕೂಗಿದ. ಇನ್ನೊಂದು ಸಲ ಕೂಗಿದ. ಆಮೇಲೆ ನನ್ನ ಮುಖ ನೋಡಿದ.

ಒಂದು ಕ್ಷಣದಲ್ಲಿ ಎಲ್ಲ ಹೊಳೆಯಿತು. ಒಂದೇ ಹಾರ್ನ್. ನೀಲಿ ಕೋಟು. ಅವರ ಕಣ್ಣಿಗೆ ನಾನು ಮಳೆಯಲ್ಲಿ ಹೋದ ಯಾವುದೋ ಒಂದು ಬೈಕು ಅಷ್ಟೆ. ಕಿತ್ತಳೆ ಜಾಕೆಟ್ಟು ಬರಲೇ ಇಲ್ಲ. ಅದು ಬರುವ ತನಕ ಅವರು ಜಾಗ ಬಿಡುವ ಮನುಷ್ಯರಲ್ಲ.

ಫೋನ್ ಮಾಡಿದೆವು. ಅಲ್ಲಿ ನೆಟ್‌ವರ್ಕ್ ಇಲ್ಲ.

ಡಬ್ಬಿ ಕಿತ್ತುಕೊಂಡು ಬ್ಯಾಗಿಗೆ ಹಾಕಿದೆ. "ಮಿಸ್, ನಿಲ್ಲಿ, ನಾನೂ ಬರ್ತೀನಿ" ಅಂತ ನವೀನ ಹೆಲ್ಮೆಟ್ ಹುಡುಕುವಷ್ಟರಲ್ಲಿ ನಾನು ಗೇಟು ದಾಟಿದ್ದೆ. ನಾನು ಹೆದರುವ ಪೈಕಿ ಅಲ್ಲ, ನಿಮಗೆ ಗೊತ್ತು. ಆ ಇಳಿಜಾರಿನಲ್ಲಿ ಹೆದರಿದೆ. ಸಂಪಂಗಿಯಣ್ಣ ಬೆಳಿಗ್ಗೆ ಆರೂವರೆಗೆ ತಿಂದದ್ದು ಎರಡೇ ಇಡ್ಲಿ. ಶುಗರ್ ಇಳಿದು ಮನುಷ್ಯ ತಲೆ ತಿರುಗಿ ಬಿದ್ದರೆ, ಆ ಮಂಜಿನಲ್ಲಿ ಪಕ್ಕದಲ್ಲೇ ಹಾದುಹೋಗುವ ಕಾರಿನವರಿಗೂ ಕಾಣುವುದಿಲ್ಲ. ಅವರ ಹೆಂಡತಿಗೆ ಏನಂತ ಹೇಳುವುದು? ಫೋಟೋ ಚೆನ್ನಾಗಿ ಬರಲಿ ಅಂತ ಹೀಗೆ ಮಾಡಿದೆ ಅನ್ನಲೇ?

ಅರ್ಧ ದಾರಿಯಲ್ಲಿ ಮೇಲೆ ಬರುತ್ತಿದ್ದ ಜೀಪೊಂದು ಲೈಟು ಮಿನುಗಿಸಿ ನಿಂತಿತು. ಡ್ರೈವರ್ ತಲೆ ಹೊರಗೆ ಹಾಕಿದ.

"ಮೇಡಂ, ದಾರೀಲಿ ಎಲ್ಲಾದ್ರೂ ಕಿತ್ತಳೆ ಜಾಕೆಟ್ ಹಾಕಿರೋ ಒಬ್ರು ಲೇಡಿ ಕಂಡ್ರಾ? ಬೈಕಲ್ಲಿ ಬರ್ತಿದ್ರಂತೆ."

ನಾನು ಬೈಕು ಆಫ್ ಮಾಡಿದೆ.

"ಕೆಳಗೆ ಕ್ರಾಸಲ್ಲಿ ಒಬ್ರು ಯಜಮಾನ್ರು ನಿಂತಿದಾರೆ. ಹೋಗೋ ಬರೋ ಗಾಡಿಯೆಲ್ಲಾ ನಿಲ್ಸಿ ಕೇಳ್ತಿದಾರೆ. ಅವರ ಜೊತೆಯೋರಂತೆ, ಟೀಚರಂತೆ, ಎಲ್ಲೋ ಬಿದ್ದಿರ್ಬೋದು ಅಂತ ತುಂಬಾ ಗಾಬರಿ ಆಗಿದಾರೆ. ನಾನು ವಾಪಸ್ ಲಿಂಗದಹಳ್ಳಿವರ್ಗೂ ಹೋಗಿ ನೋಡ್ಕೊಂಡು ಬಂದೆ, ಯಾರೂ ಇಲ್ಲ."

"ಅದು ನಾನೇ" ಅಂದೆ.

ಡ್ರೈವರ್ ನನ್ನ ನೀಲಿ ಕೋಟನ್ನು ಮೇಲಿಂದ ಕೆಳಗೆ ನೋಡಿದ. ನಂಬಲಿಲ್ಲ ಅಂತ ಕಾಣುತ್ತದೆ. ಗೇರ್ ಹಾಕಿಕೊಂಡು ಹೋದ.

ಕವಲಿನಲ್ಲಿ ಸಂಪಂಗಿಯಣ್ಣ ನಿಂತೇ ಇದ್ದರು. ಒಂದೂ ಮುಕ್ಕಾಲು ಗಂಟೆಯಿಂದ. ಮುಖವೆಲ್ಲ ಬಿಳಿಚಿಕೊಂಡಿತ್ತು. ಅವರು ನೋಡುತ್ತಿದ್ದುದು ಕೆಳಗಿನ ರಸ್ತೆಯನ್ನು. ನಾನು ಹಿಂದಿನಿಂದ ಹೋಗಿ ನಿಂತು ಹೆಲ್ಮೆಟ್ ತೆಗೆದೆ.

"ಮೇಡಂ, ನೀವು ಮೇಲಿಂದ ಹೆಂಗೆ ಬಂದ್ರಿ?"

ಹೇಳುತ್ತೇನೆ, ಮೊದಲು ಊಟ ಮಾಡಿ ಅಂದೆ. ಡಬ್ಬಿ ಮುಚ್ಚಳ ತೆಗೆಯಲು ಅವರಿಂದ ಆಗಲಿಲ್ಲ. ನಾನೇ ತೆಗೆದುಕೊಟ್ಟೆ. ಚಪಾತಿ, ಹಾಗಲಕಾಯಿ ಪಲ್ಯ. ಎರಡು ತುತ್ತು ಒಳಗೆ ಹೋದ ಮೇಲೆ ಮಾತಾಡಿದರು.

"ಹನ್ನೆರಡು ಗಾಡಿ ಹೋಯ್ತು ಅನ್ನಿಸ್ತು. ಬೇರೆ ಟೂರಿಸ್ಟ್ ಬೈಕೂ ಹೋಗ್ತಿದ್ವಲ್ಲ, ನನ್ ಎಣಿಕೆ ತಪ್ಪಿರ್ಬೋದು ಅಂದ್ಕೊಂಡೆ. ಕಿತ್ತಳೆ ಬರ್ಲಿಲ್ವಲ್ಲ ಮೇಡಂ."

"ಹುಡುಕ್ಕೊಂಡು ಹೋಗ್ಬೇಕಿತ್ತು. ಇಲ್ಲಾ ಮೇಲೆ ಬಂದು ಊಟನಾದ್ರೂ ಮಾಡ್ಬೇಕಿತ್ತು" ಅಂದೆ. ಅಪರಾಧ ಮಾಡಿದವರು ಸಲಹೆ ಕೊಡುವುದರಲ್ಲಿ ಹಿಂದೆ ಬೀಳುವುದಿಲ್ಲ.

"ನಾನು ಹೋಗ್ಬಿಟ್ರೆ, ನೀವು ಬಂದಾಗ ದಾರಿ ತೋರ್ಸೋರು ಯಾರು?"

ಜೇಬಿನಿಂದ ಒಂದು ಪೆಪ್ಪರ್‌ಮಿಂಟು ತೆಗೆದು ನನ್ನ ಕೈಗಿಟ್ಟರು. ಶುಗರ್ ಇಳಿದರೆ ಬೇಕಾಗುತ್ತದೆ ಅಂತ ಎರಡು ಇಟ್ಟುಕೊಂಡಿರುತ್ತಾರಂತೆ. "ಒಂದು ನಾನು ತಿಂದೆ. ಇದು ನಿಮ್ಗೆ ಅಂತ ಇಟ್ಟಿದ್ದೆ. ಬಿದ್ದು ಗಿದ್ದು ಬಂದ್ರೆ ಸುಸ್ತಾಗಿರ್ತೀರಲ್ಲ."

ಅದನ್ನು ತೆಗೆದುಕೊಂಡಾಗ ನನಗೆ ನಾಚಿಕೆಯಾಯಿತು. ಇದಕ್ಕಿಂತ ಬೇರೆ ಪದ ನನ್ನ ಹತ್ತಿರ ಇಲ್ಲ.

ಕೋಟಿನ ಜಿಪ್ ಇಳಿಸಿದೆ. ಒಳಗಿನ ಕಿತ್ತಳೆ ಬಣ್ಣ ನೋಡಿ ಅವರ ಮುಖ ಸಣ್ಣದಾಯಿತು.

"ಕೋಟಿನ ಮೇಲೆ ಬಿಗಿ ಆಯ್ತಾ ಮೇಡಂ? ಪಟ್ಟಿ ಇನ್ನೊಂದಿಂಚು ಉದ್ದ ಬಿಡ್ಬೇಕಿತ್ತು. ನನ್ದೇ ತಪ್ಪು."

ಹೌದು ಬಿಗಿಯಾಯಿತು ಅಂದುಬಿಟ್ಟಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಅವರು ಬೆಂಗಳೂರಿಗೆ ಹೋಗಿ, ಪಟ್ಟಿ ಬಿಚ್ಚಿ, ಇನ್ನೊಂದಿಂಚು ಸೇರಿಸಿ ಹೊಲಿಯುತ್ತಿದ್ದರು. ನಾನು ಮರ್ಯಾದಸ್ಥೆಯಾಗಿ ಉಳಿಯುತ್ತಿದ್ದೆ. ನಾಲಿಗೆಯ ತುದಿಯ ತನಕ ಬಂದಿತ್ತು, ಸುಳ್ಳು ಹೇಳುವುದಿಲ್ಲ.

"ಜಾಕೆಟ್ ಸರಿಯಾಗೇ ಇದೆ ಅಣ್ಣ. ಫೋಟೋದಲ್ಲಿ ಚೆನ್ನಾಗಿ ಕಾಣಲ್ಲ ಅಂತ ನಾನೇ ಮುಚ್ಕೊಂಡೆ."

ಸಂಪಂಗಿಯಣ್ಣ ಡಬ್ಬಿ ಖಾಲಿ ಮಾಡಿದರು. ಮಳೆನೀರಿನಲ್ಲಿ ತೊಳೆದರು. ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಅಷ್ಟರಲ್ಲಿ ನವೀನ ಬಂದು ನಿಂತ. "ಹೊರಡೋಣ್ವಾ ಅಣ್ಣ?" ಅಂದ.

"ನಾನು ಹೆಂಗೆ ಹೊರಡ್ಲಿ? ಸ್ವೀಪ್ ಇನ್ನೂ ಬಂದಿಲ್ವಲ್ಲ" ಅಂದರು ಸಂಪಂಗಿಯಣ್ಣ.

ನವೀನನಿಗೆ ಅರ್ಥವಾಗಲಿಲ್ಲ. ನನಗಾಯಿತು. ಕೋಟು ತೆಗೆದು, ಜಾಕೆಟ್ ಬಿಚ್ಚಿ, ಮತ್ತೆ ಕೋಟು ತೊಟ್ಟು, ಅದರ ಮೇಲೆ ಜಾಕೆಟ್ ಹಾಕಿಕೊಂಡೆ. ಪಟ್ಟಿ ಅಳತೆಗೆ ಸರಿಯಾಗಿ ಕೂತಿತು. ಬೈಕನ್ನು ಕವಲಿನಿಂದ ಕೆಳಗೆ ತೆಗೆದುಕೊಂಡು ಹೋಗಿ, ತಿರುಗಿಸಿ, ನಿಧಾನವಾಗಿ ಅವರ ಮುಂದೆ ಬಂದೆ. ಎರಡು ಸಲ ಹಾರ್ನ್ ಹೊಡೆದೆ. ಅವರು ಎಡಗೈ ಚಾಚಿ ನನಗೆ ದಾರಿ ತೋರಿಸಿದರು. ಆಮೇಲೆ ಕೈ ಇಳಿಸಿ, ಬೈಕ್ ಹತ್ತಿ, ಮುಂದೆ ಹೋದರು.

ಮುಂದಿನ ರೈಡಿಗೂ ಸ್ವೀಪ್ ನಾನೇ ಅಂತ ನವೀನನಿಗೆ ಹೇಳಿದ್ದೇನೆ. ಕೇಳಿಕೊಂಡಿಲ್ಲ, ಹೇಳಿದ್ದೇನೆ. (ಮಿಸ್ ಅಂದಮೇಲೆ ಅಷ್ಟೂ ಅಧಿಕಾರ ಬೇಡವೇ?) ನಾನು ಚೆನ್ನಾಗಿಯೇ ಬೈಕು ಓಡಿಸುತ್ತೇನೆ, ಅದರಲ್ಲಿ ಈಗಲೂ ಅನುಮಾನವಿಲ್ಲ. ಹಿಂದೆ ಉಳಿದವರನ್ನು ನೋಡಿಕೊಂಡು ಹೋಗಲು ಚೆನ್ನಾಗಿ ಓಡಿಸಿದರಷ್ಟೇ ಸಾಲದು ಅನ್ನುವುದು ಮಾತ್ರ ನನಗೆ ಹೊಸ ಪಾಠ.

ವಾರವಿಡೀ ಒಂದು ಯೋಚನೆ ಬಿಟ್ಟಿಲ್ಲ. ಮೇಲೆ ಕಾಫಿ ಕುಡಿಯುತ್ತ ನಗುತ್ತಿದ್ದ ಆ ಒಂದು ಗಂಟೆಯಲ್ಲಿ, ನನಗೇನೋ ಆಗಿದೆ ಅಂತ ಒಬ್ಬರು ಕೆಳಗೆ ಊಟ ಬಿಟ್ಟು ನಿಂತಿದ್ದರು. ನನಗೆ ಅದರ ಸುಳಿವೇ ಇರಲಿಲ್ಲ. ಅಂಥವರು ಒಬ್ಬೊಬ್ಬರ ಬದುಕಿನಲ್ಲೂ ಇರಬೇಕಲ್ಲವೇ?

ಹಾಯಾಗಿ ದಾಟಿ ಮೇಲೆ ಬಂದು ಕೂತಿದ್ದೀರಲ್ಲ, ನೀವಿನ್ನೂ ಬಂದಿಲ್ಲ ಅಂತ ಯಾವ ತಿರುವಿನಲ್ಲಿ ಯಾರು ನಿಂತಿದ್ದಾರೆ?