ಗಳದ ತುದಿಗೆ ಬಂದ ರೋಹಿಣಿ

ದೆವ್ವ, ಗಾಳಿ, ಶಕುನ ಎಂದು ಯಾರಾದರೂ ಮಾತು ತೆಗೆದರೆ ಸಾಕು, ಅವರ ಬಾಯಿ ಮುಚ್ಚಿಸುವವರೆಗೆ ನನಗೆ ಸಮಾಧಾನವಿರುತ್ತಿರಲಿಲ್ಲ. ನಾನು ಕನ್ನಡ ಶಾಲೆಯ ಮಾಸ್ತರ. ಊರಲ್ಲಿ ಕೈಗೆ ಗಡಿಯಾರ ಕಟ್ಟಿದವನು ನಾನೊಬ್ಬನೇ, ಅದರ ಜಂಬವೂ ಇತ್ತು. ಈಗ ಹೇಳಹೊರಟಿರುವುದನ್ನು ನೀವು ನಂಬಲೇಬೇಕೆಂಬ ಹಟ ನನಗಿಲ್ಲ. ನನ್ನ ಹೆಂಡತಿಯೇ ಇದನ್ನು ಪೂರ್ತಿ ನಂಬಿಲ್ಲ.

ಅರವತ್ತರ ದಶಕದ ಮೊದಲ ವರ್ಷಗಳು. ಹಳಿಯಾಳದಿಂದ ದಾಂಡೇಲಿಗೆ ಹೋಗುವ ರಸ್ತೆ ಬಿಟ್ಟು ಎರಡು ಮೈಲಿ ಒಳಗಿದ್ದ ಹಳ್ಳಿ ಅದು. ಕರೆಂಟು ಬಂದಿರಲಿಲ್ಲ. ಸರಕಾರ ಪಂಚಾಯಿತಿಗೊಂದು ರೇಡಿಯೊ ಕೊಟ್ಟಿತ್ತು. ಭಾರದ ಬ್ಯಾಟರಿ ಡಬ್ಬಿಯ ಮೇಲೆ ನಡೆಯುವಂಥದ್ದು. ಅದರ ಉಸ್ತುವಾರಿ ನನ್ನದು. ದಿನಾ ಸಂಜೆ ಶಾಲೆಯ ಕಟ್ಟೆಯ ಮೇಲಿಟ್ಟು ಹಚ್ಚಬೇಕು, ಹಳ್ಳಿಗರ ಕಾರ್ಯಕ್ರಮ ಎಂಟಕ್ಕೆ ಮುಗಿದ ಮೇಲೆ ಆರಿಸಬೇಕು, ದಾಖಲೆ ಪುಸ್ತಕದಲ್ಲಿ ಬರೆಯಬೇಕು. ನಡುವೆ ಏನಾದರೂ ಗೊರಗೊರ ಸದ್ದು ಬಂದರೆ ಅದರ ಹೊತ್ತನ್ನೂ ಬರೆಯಬೇಕು. ಮೊದಲ ದಿನ ನೆಟ್ಟಗೆ ಬರೆದು, ಆಮೇಲೆ ತಿಂಗಳಿಡೀ ಮೇಲಿನಂತೆಯೇ ಎಂದು ಕೆಳಗೆ ಎರಡೆರಡು ಗೀಟು ಎಳೆಯುವುದು ನನ್ನ ಪದ್ಧತಿ. ತಪಾಸಣೆಗೆ ಬಂದವರೂ ಆ ಗೀಟುಗಳನ್ನು ನೋಡಿ ಸಂತೋಷದಿಂದಲೇ ಸಹಿ ಹಾಕಿ ಹೋಗುತ್ತಿದ್ದರು.

ರೇಡಿಯೊದ ತಂತಿಗೆ ಕಟ್ಟೆಯ ಪಕ್ಕದಲ್ಲಿ ಎತ್ತರದ ಬಿದಿರು ಗಳ ನೆಟ್ಟವನು ಈರಪ್ಪ. ಆ ವರ್ಷ ದೀಪಾವಳಿ ಮುಗಿಸಿ ಜೋಯಿಡಾ ಕಡೆಯ ಕಾಡಿಗೆ ಬಿದಿರು ಕಡಿಯಲು ಹೋದವನು ತಿರುಗಿ ಬರಲಿಲ್ಲ. ಜೊತೆಗೆ ಹೋದವರು ಬಂದರು. ಮೌಳಂಗಿಯ ಹತ್ತಿರ ಕಾಳಿಹೊಳೆ ದಾಟುವಾಗ ತೆಪ್ಪ ಮಗುಚಿತೆಂದೂ ಈರಪ್ಪ ಮತ್ತೆ ಕಾಣಿಸಲಿಲ್ಲವೆಂದೂ ಹೇಳಿದರು. ಹೆಣ ಸಿಗಲಿಲ್ಲ. ಅವನ ಹೆಂಡತಿ ನೀಲವ್ವನಿಗೆ ಆಗ ಇಪ್ಪತ್ತು ದಾಟಿರಲಿಲ್ಲ. ಮಕ್ಕಳಿರಲಿಲ್ಲ. ಅವಳ ಮಾವ, ವಯಸ್ಸಾದ ಒಕ್ಕಲಿಗ, ಅವಳನ್ನು ಮುಂಡಗೋಡಿನ ಹತ್ತಿರದ ಸನವಳ್ಳಿಯಲ್ಲಿ, ಹೆಂಡತಿ ಸತ್ತಿದ್ದ ನೆಂಟನೊಬ್ಬನಿಗೆ ಉಡಿಕಿ ಮಾಡಿಕೊಡಬೇಕೆಂದಿದ್ದ. ವಿಧವೆಗೆ ಮಾಡುವ ಎರಡನೇ ಮದುವೆ ಅದು. ಆದರೆ ಅವಳನ್ನು ಮೊದಲು ವಿಧವೆ ಅನ್ನಬೇಕಲ್ಲ. ನೀಲವ್ವ ಬಳೆ ತೆಗೆಯಲು ಒಪ್ಪಲಿಲ್ಲ.

ಮಾಘದಲ್ಲಿ ಒಂದು ಸಂಜೆ ಕಾರ್ಯಕ್ರಮ ಮುಗಿದು ಜನ ಎದ್ದುಹೋದರು. ಆರಿಸುವ ಮೊದಲು ನಾನು ರೇಡಿಯೊದ ಮುಳ್ಳನ್ನು ಯಾವ ಕೇಂದ್ರವೂ ಇಲ್ಲದ ಕಡೆ ಸರಿಸಿಟ್ಟು ಚಾಪೆ ಸುತ್ತುತ್ತಿದ್ದೆ. ರೇಡಿಯೊ ಸುಮ್ಮನೆ ಸುಯ್ಯೆನ್ನುತ್ತಿತ್ತು. ಆ ಸದ್ದು ಇದ್ದಕ್ಕಿದ್ದಂತೆ ಏರಿತು, ಒಂದೆರಡು ನಿಮಿಷ ನಿಂತಿತು, ಮತ್ತೆ ಇಳಿಯಿತು. ಗಡಿಯಾರ ನೋಡಿ ಪುಸ್ತಕದಲ್ಲಿ ಎಂಟು ಇಪ್ಪತ್ತು ಎಂದು ಬರೆದೆ. ಕಟ್ಟೆಯ ಕೆಳಗೆ ನೀಲವ್ವ ಇನ್ನೂ ಕೂತಿದ್ದಳು. ಒಣಎಲೆಯ ಮೇಲೆ ಬಿದಿರು ಎಳೆದುಕೊಂಡು ಹೋಗುವ ಸಪ್ಪಳ ಅದು ಎಂದಳು. ಗಳ ನೆಟ್ಟ ದಿನ ಈರಪ್ಪ, ತಾನು ಎಲ್ಲಿದ್ದರೂ ಇದರಲ್ಲಿ ತನ್ನ ಸಪ್ಪಳ ಕೇಳುತ್ತದೆ ಎಂದು ಚೇಷ್ಟೆ ಮಾಡಿದ್ದನಂತೆ.

ಅಂದಿನಿಂದ ಅವಳು ದಿನಾ ಬಂದಳು. ಎಂಟರ ನಂತರ ಅರ್ಧ ತಾಸು ರೇಡಿಯೊ ಹಾಗೇ ಇಡಿ ಎಂದು ಬೇಡಿಕೊಂಡಳು. ಪಾಪವೆನಿಸಿ ಇಟ್ಟೆ. ಅವಳು ಹೊರಗೆ ಕೇಳುತ್ತ ಕೂತರೆ ನಾನು ಒಳಗೆ ಕಂದೀಲಿನ ಬೆಳಕಲ್ಲಿ ನಾಳಿನ ಪಾಠ ಬರೆದುಕೊಳ್ಳುತ್ತಿದ್ದೆ. ಸದ್ದು ಬಂತೇ, ಎಷ್ಟು ಹೊತ್ತಿಗೆ ಬಂತು ಎಂದು ನಾನು ಮತ್ತೆ ನೋಡಲಿಲ್ಲ. ಪುಸ್ತಕದಲ್ಲಿ ಎರಡು ಗೀಟು ಎಳೆಯುತ್ತ ಹೋದೆ. ಒಂದು ವಾರವಾದ ಮೇಲೆ ಅವಳು, ಈಗ ಸದ್ದು ಕಾರ್ಯಕ್ರಮದ ನಡುವೆಯೇ, ಮಾತಿನ ಹಿಂದೆ ಬರುತ್ತದೆ ಎಂದಳು. ಹಾಗಾದರೆ ನಿನ್ನ ಗಂಡನಿಗೆ ಹೊತ್ತುಗೊತ್ತು ಇಲ್ಲವೇನು ಎಂದು ನಕ್ಕೆ. ಆ ಮಾತು ನೆನೆದರೆ ಈಗಲೂ ಮೈ ಹಿಡಿಯಾಗುತ್ತದೆ.

ನೀಲವ್ವ ನಗಲಿಲ್ಲ. "ಹೊತ್ತ ತಪ್ಪೂದಿಲ್ಲರೀ ಮಾಸ್ತರ. ಆ ಕೆಂಪ ಚುಕ್ಕಿ ಗಳದ ತುದಿಗೆ ಬಂತಂದ್ರ ಬರತೈತಿ. ದಿನಾ ಅಲ್ಲೇ," ಅಂದಳು. ಅವಳು ಕೂರುತ್ತಿದ್ದ ಜಾಗದಿಂದ ಕತ್ತೆತ್ತಿದರೆ ಗಳದ ತುದಿಯ ಮೇಲೆ ರೋಹಿಣಿ ನಕ್ಷತ್ರ ಕಾಣುತ್ತಿತ್ತು. ರೇಡಿಯೊ ಚುಕ್ಕಿ ನೋಡಿಕೊಂಡು ನಡೆಯುವುದಿಲ್ಲ, ಗಡಿಯಾರ ನೋಡಿಕೊಂಡು ನಡೆಯುತ್ತದೆ ಎಂದು ನಾನು ಪಾಠ ಹೇಳಿದೆ.

ವಿಷಯ ಹಿರಿಯರವರೆಗೆ ಹೋಯಿತು. ಅವಳ ಮಾವ ನನ್ನಲ್ಲಿಗೆ ಬಂದ. ಅವನು ಕೆಟ್ಟವನಲ್ಲ. "ಇವತ್ತ ಬರ್ತಾನ, ನಾಳೆ ಬರ್ತಾನ ಅಂತ ಈಕಿ ಉಣ್ಣೂದ ಬಿಟ್ಟಾಳರೀ. ಹೌದೋ ಅಲ್ಲೋ, ಒಂದ ಆಗಿಬಿಡಲಿ," ಅಂದ. ಸದ್ದು ಎಲ್ಲರ ಎದುರು ಬಂದರೆ ಒಂದು ವರ್ಷ ಕಾಯುವುದು, ಬರದಿದ್ದರೆ ಶಿವರಾತ್ರಿ ಅಮಾವಾಸ್ಯೆಗೆ ಬಳೆ ತೆಗೆಸುವುದು ಎಂದು ಹಿರಿಯರು ತೀರ್ಮಾನಿಸಿದರು. ಹೊತ್ತು ಯಾವುದು ಎಂದು ನನ್ನನ್ನು ಕೇಳಿದರು. ನಾನು ಪುಸ್ತಕ ತೆಗೆದು, ಹದಿನೈದು ದಿನದ ಗೀಟುಗಳನ್ನು ತೋರಿಸಿ, ಎಂಟು ಇಪ್ಪತ್ತು ಎಂದೆ. ಬರೆದದ್ದು ನಾನೇ ಆದರೂ ಅಷ್ಟರಲ್ಲಿ ನಾನೇ ಅದನ್ನು ನಂಬಿಬಿಟ್ಟಿದ್ದೆ.

ಮರುದಿನ ಸಂಜೆ ಕಟ್ಟೆ ತುಂಬ ಜನ. ರೇಡಿಯೊದಲ್ಲಿ ಬೀಜೋಪಚಾರದ ಬಗ್ಗೆ ಮಾತು ನಡೆದಿತ್ತು. ಏಳು ಗಂಟೆಯ ಮೇಲೆ ಸ್ವಲ್ಪ ಹೊತ್ತಿಗೆ ನೀಲವ್ವ ಎದ್ದು ನಿಂತಳು. "ಈಗ ಬಂತ್ರಿ. ಮುಳ್ಳ ಸರಸ್ರಿ ಮಾಸ್ತರ, ಒಂದ ಸಲ ಸರಸ್ರಿ," ಅಂದಳು. ಜನ ನನ್ನ ಮುಖ ನೋಡಿದರು. ನಾನು ಗಡಿಯಾರ ನೋಡಿ, ಇನ್ನೂ ಒಂದು ತಾಸಿದೆ, ಕೂತುಕೋ ಎಂದೆ. ಮುಳ್ಳು ಸರಿಸಲು ನನಗೆ ಅರೆ ನಿಮಿಷ ಸಾಕಾಗಿತ್ತು. ಎಂಟು ಇಪ್ಪತ್ತಕ್ಕೆ ಎಲ್ಲರೂ ಉಸಿರು ಬಿಗಿಹಿಡಿದು ಕೇಳಿದರು. ಎಂಟೂವರೆಯವರೆಗೆ ಬರೀ ಸುಯ್ಯೆನ್ನುವ ಸದ್ದು, ಏರಲೂ ಇಲ್ಲ, ಇಳಿಯಲೂ ಇಲ್ಲ. ಹಿರಿಯರು ಎದ್ದರು. ಅಮಾವಾಸ್ಯೆಗೆ ಇನ್ನು ನಾಲ್ಕು ದಿನವಿತ್ತು.

ಈ ರಗಳೆ ಸಾಕು, ಕೆಲವು ದಿನ ರೇಡಿಯೊ ಬೇಡ ಎಂದು ಪಂಚಾಯಿತಿಯವರು ಹೇಳಿದರು. ಮರುದಿನ ಕತ್ತಲಾಗುವಾಗ ನಾನೊಬ್ಬನೇ ಕಟ್ಟೆಗೆ ಹೋಗಿ ಬ್ಯಾಟರಿಯ ತಂತಿ ಬಿಡಿಸಿದೆ. ಡಬ್ಬಿಯನ್ನು ಎತ್ತಿ ಕಂಕುಳಲ್ಲಿ ಇಟ್ಟುಕೊಂಡಿದ್ದೆ, ಇದು ನನಗೆ ಸ್ಪಷ್ಟವಾಗಿ ನೆನಪಿದೆ. ಆಗ ರೇಡಿಯೊ ಸದ್ದು ಮಾಡತೊಡಗಿತು. ಮೊದಲು ತೆಳ್ಳಗೆ, ಆಮೇಲೆ ದಪ್ಪಗೆ. ಒಣಎಲೆಯ ಮೇಲೆ ಭಾರದ್ದೇನನ್ನೋ ಯಾರೋ ಎಳೆದುಕೊಂಡು ಹೋಗುವಂತೆ. ಬೇರೇನೂ ತೋಚದೆ ಗಡಿಯಾರ ನೋಡಿದೆ, ಏಳು ಹದಿನಾರು. ತಲೆ ಎತ್ತಿದೆ. ರೋಹಿಣಿ ಗಳದ ತುದಿಯಲ್ಲಿತ್ತು. ಸದ್ದು ನಿಧಾನವಾಗಿ ದೂರವಾಗಿ ನಿಂತಿತು.

ಇದನ್ನು ನಾನು ಆಗ ಯಾರಿಗೂ ಹೇಳಲಿಲ್ಲ. ಮೂರು ದಿನ ಸಮಯವಿತ್ತು. ಅವಳ ಮಾವನ ಮನೆಯ ಮುಂದೆ ಎರಡು ಸಲ ಹಾದುಹೋದೆ. ಊರಿಗೆಲ್ಲ ಬುದ್ಧಿ ಹೇಳುವ ಮಾಸ್ತರನಿಗೂ ತಲೆ ಕೆಟ್ಟಿತು ಎಂದಾರೆಂಬ ನಾಚಿಕೆ. ಅಮಾವಾಸ್ಯೆಯ ದಿನ ಬಳೆ ತೆಗೆಸಿದರು. ಬೇಸಿಗೆಯಲ್ಲಿ ಅವಳನ್ನು ಸನವಳ್ಳಿಗೆ ಕಳಿಸಿದರು. ಈರಪ್ಪ ಬರಲಿಲ್ಲ, ಹೆಣವೂ ಸಿಗಲಿಲ್ಲ.

ಐದಾರು ವರ್ಷದ ಮೇಲೆ ಧಾರವಾಡದಲ್ಲಿ ಶಿಕ್ಷಕರ ಶಿಬಿರವೊಂದಕ್ಕೆ ಹೋಗಿದ್ದೆ. ಅಲ್ಲಿ ವಿಜ್ಞಾನದ ಪ್ರಾಧ್ಯಾಪಕರೊಬ್ಬರು ಆಕಾಶದಿಂದಲೂ ರೇಡಿಯೊ ಅಲೆಗಳು ಬರುತ್ತವೆ ಎಂದರು. ನಕ್ಷತ್ರಗಳ ಕೋಟಿ ಕೋಟಿ ಸಂಸಾರ ಕಟ್ಟಿಕೊಂಡ ಗೆಲಾಕ್ಸಿಗಳು ಗುಂಪುಗುಂಪಾಗಿ ಒಂದರೊಳಗೊಂದು ನುಗ್ಗಿದಾಗ ಅಂಥ ಅಲೆಗಳು ಏಳಬಹುದಂತೆ. ಕೂಡಿ, ದಾಟಿ ಹೋದ ಮೇಲೆ, ಏನೂ ಕಾಣದ ಬಯಲಲ್ಲಿ ಅದರ ಸದ್ದು ಉಳಿದಿರುತ್ತದೆ ಎಂದು ತೀರ ಈಚೆಗೆ ನಾನೇ ಓದಿದೆ. ಆದರೆ ಅಂದು ನನ್ನ ಎದೆ ಝಲ್ಲೆಂದದ್ದು ಇನ್ನೊಂದು ಮಾತಿಗೆ. ಆಕಾಶದ ಸದ್ದು ನಕ್ಷತ್ರಗಳ ಹಾಗೆಯೇ ದಿನಕ್ಕೆ ನಾಲ್ಕು ನಿಮಿಷ ಮೊದಲು ಬರುತ್ತದೆ, ಹದಿನೈದು ದಿನಕ್ಕೆ ಒಂದು ತಾಸು, ಎಂದರು. ನೀಲವ್ವ ಎದ್ದು ನಿಂತ ಸಂಜೆಗೆ ನನ್ನ ಎಂಟು ಇಪ್ಪತ್ತು ಏಳು ಇಪ್ಪತ್ತಾಗಿತ್ತು. ನಾನು ಎದ್ದು ನಿಂತು ನಮ್ಮ ರೇಡಿಯೊದ ವಿಷಯ ಹೇಳಿದೆ. ಅಂಥ ರೇಡಿಯೊಗೆ ಆ ಅಲೆ ಸಿಗುವುದು ಸಾಧ್ಯವೇ ಇಲ್ಲ, ಬ್ಯಾಟರಿ ಇಲ್ಲದೆ ಅಂತೂ ಕೇಳಲೇಬೇಡಿ ಎಂದು ಅವರು ನಕ್ಕರು. ಥೇಟ್ ನನ್ನ ಹಾಗೆಯೇ ನಕ್ಕರು.

ಊರಿಗೆ ಮರಳುವ ಬದಲು ಮುಂಡಗೋಡಿನ ಬಸ್ಸು ಹತ್ತಿದೆ. ಆಗಷ್ಟೇ ಟಿಬೆಟನ್ ಕಾಲೊನಿ ಎದ್ದಿತ್ತು. ಸನವಳ್ಳಿಗೆ ಹೊರಟವನಿಗೆ ನೀಲವ್ವ ಕಾಲೊನಿಯ ದಾರಿಯಲ್ಲೇ ಸಿಕ್ಕಳು, ಗೋವಿನಜೋಳದ ರಾಶಿಯ ಮುಂದೆ ಕೂತಿದ್ದಳು. ಮಡಿಲಲ್ಲಿ ಮಗುವಿತ್ತು, ಕೈತುಂಬ ಬಳೆಯಿತ್ತು. ನಾನು ನಿಂತಲ್ಲೇ ಎಲ್ಲ ಹೇಳಿದೆ. ಗೀಟುಗಳು, ನಾಲ್ಕು ನಿಮಿಷ, ಬ್ಯಾಟರಿ ಡಬ್ಬಿ, ಗಳದ ತುದಿಯ ರೋಹಿಣಿ. ನೀನು ಹೇಳಿದ್ದೇ ನಿಜ, ನಾನೂ ಕೇಳಿದೆ ಎಂದೆ. ಅವಳು ಕೈಯಲ್ಲಿದ್ದ ಜೋಳದ ತೆನೆಯನ್ನು ಸುಲಿದು ಮುಗಿಸಿದಳು.

"ಅವತ್ತ ಹೇಳಬೇಕಿತ್ತಲ್ಲರೀ ಮಾಸ್ತರ," ಅಂದಳು. ಅಷ್ಟೇ ಅಂದಳು. ಮಗು ಅಳತೊಡಗಿತು, ಅವಳು ಅದನ್ನು ಎತ್ತಿಕೊಂಡಳು.

ಆ ಸದ್ದು ಏನೆಂದು ನನಗೆ ಇಂದಿಗೂ ಗೊತ್ತಿಲ್ಲ. ಮನೆಯಲ್ಲೊಂದು ರೇಡಿಯೊ ಇದೆ. ಶಿವರಾತ್ರಿ ಹತ್ತಿರ ಬಂದಾಗ, ರೋಹಿಣಿ ನೆತ್ತಿಗೇರುವ ಹೊತ್ತಿಗೆ ನಾನು ಅದರ ಸೆಲ್ಲು ತೆಗೆದು ಕೈಯಲ್ಲಿ ಹಿಡಿದು ಪಡಸಾಲೆಯಲ್ಲಿ ಕೂರುತ್ತೇನೆ. ಸೆಲ್ಲು ಉಳಿಸುತ್ತಿದ್ದೀರೇನು ಎಂದು ಹೆಂಡತಿ ಚೇಷ್ಟೆ ಮಾಡುತ್ತಾಳೆ. ಇಷ್ಟು ವರ್ಷದಲ್ಲಿ ಒಮ್ಮೆಯೂ ಏನೂ ಕೇಳಿಸಿಲ್ಲ.